ದುಡ್ಡು ಕೊಟ್ಟು ಉಂಡ ಊಟದ ಋಣ

ಕಳೆದ ವರ್ಷ ಶೀಗಿ ಹುಣ್ಣಿಮೆಯ ಹೊತ್ತಿಗೆ ಎರಡು ದಿನಗಳಲ್ಲಿ ಉಂಡ ಮೂರು ಊಟಗಳು ನನಗೆ ಇನ್ನೂ ಅರಗಿಲ್ಲ. ಅವುಗಳಲ್ಲಿ ಎರಡು ಒಂದೇ ಖಾನಾವಳಿಯಲ್ಲಿ ದುಡ್ಡು ಕೊಟ್ಟು ಉಂಡವು. ನಡುವಿನದು ಒಂದು ಹೊಲದಲ್ಲಿ, ಕರೆದು ಕೂರಿಸಿ ಪುಕ್ಕಟೆ ಬಡಿಸಿದ್ದು. ಯಾವ ಊಟ ದೊಡ್ಡದು ಎಂದು ಹೊರಡುವ ಮೊದಲು ಯಾರಾದರೂ ಕೇಳಿದ್ದರೆ ನಾನು ಯೋಚಿಸದೆ ಉತ್ತರ ಹೇಳುತ್ತಿದ್ದೆ. ಕರೆದು ಹಾಕಿದ ಅನ್ನದ ಮುಂದೆ ಮಾರಿದ ಅನ್ನ ಯಾವ ಲೆಕ್ಕ? ಈಗ ಆ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ಏಕೆ ಬರುವುದಿಲ್ಲ ಎಂದು ನನಗೇ ತಿಳಿಯಪಡಿಸಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ನಾನು ಧಾರವಾಡದಲ್ಲಿ ತತ್ವಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ನನ್ನ ವಿಷಯ ಆತಿಥ್ಯ. ದಸರಾ ರಜೆ ಮುಗಿಯುತ್ತ ಬಂದರೂ ಎರಡನೆಯ ಅಧ್ಯಾಯ ಮುಂದೆ ಸರಿಯದೆ ಕೂತಿತ್ತು. ಹಾಸ್ಟೆಲ್ಲಿನ ಪಕ್ಕದ ಕೋಣೆಯ ಗೆಳೆಯ ಒಂದು ದಿನ, "ಉಣ್ಣಾಕ ಹಾಕೂದರ ಮ್ಯಾಲ ಇಷ್ಟು ಪುಸ್ತಕ ಓದೀದಿ. ಒಂದೆರಡು ದಿನ ಎಲ್ಲೆರ ಹೋಗಿ ಉಂಡು ಬರೂಣು ನಡಿ" ಎಂದ. ಅವನ ಬಳಿ ಬೈಕಿತ್ತು. ಗೋಕಾಕ ಜಲಪಾತವನ್ನು ಮಳೆಗಾಲ ಮುಗಿದ ಕೂಡಲೇ ನೋಡಬೇಕು ಎಂಬ ಆಸೆ ಇಬ್ಬರಿಗೂ ಇತ್ತು. ಹೊರಟೆವು.

ಬೆಳಗಾವಿ ದಾಟಿ, ಕಾಕತಿಯನ್ನು ಹಿಂದೆ ಬಿಟ್ಟು, ಪುಣೆ ದಿಕ್ಕಿನ ಹೆದ್ದಾರಿಯಲ್ಲಿ ಯಮಕನಮರಡಿ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಹುಕ್ಕೇರಿ ತಾಲ್ಲೂಕಿನ ಈ ಊರನ್ನು ಹೆಚ್ಚಿನವರು ಬಸ್ಸಿನ ಕಿಟಕಿಯಿಂದಷ್ಟೇ ನೋಡಿರುತ್ತಾರೆ. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಕೊಯ್ಲಾದ ಸೋಯಾಬೀನ್, ರಸ್ತೆಯ ಅಂಚಿಗೆ ಒಣಹಾಕಿದ ಗೋವಿನಜೋಳ. ಆಕಾಶ ತೊಳೆದಿಟ್ಟ ತಾಟಿನಂತೆ ಇತ್ತು. ಲಾರಿಗಳು ಸಾಲಾಗಿ ನಿಂತ ಕಡೆ ಊಟ ಚೆನ್ನಾಗಿರುತ್ತದೆ ಎಂಬ ನಂಬಿಕೆಯ ಮೇಲೆ ನಾವೂ ಅಲ್ಲೇ ಬೈಕು ನಿಲ್ಲಿಸಿದೆವು.

ತಗಡಿನ ಮಾಡು, ಆರು ಟೇಬಲ್ಲು, ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ದರ. ಊಟಕ್ಕೆ 90 ರೂಪಾಯಿ. ಹಿಂದಿನ ಕೋಣೆಯಿಂದ ರೊಟ್ಟಿ ಬಡಿಯುವ ಸದ್ದು ಒಂದೇ ಲಯದಲ್ಲಿ ಬರುತ್ತಿತ್ತು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದು, "ಬರ್ರಿ, ಕುಂಡ್ರಿ. ಊಟೇನ್ರಿ?" ಎಂದು ಕೇಳಿದರು. ನಾವು ತಲೆಯಾಡಿಸಿದೆವು. ಅಷ್ಟೇ ಮಾತು. ಸ್ಟೀಲಿನ ತಾಟು ಬಂತು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅದರ ಮೇಲೆ ಮೊಸರು, ಬದಿಗೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯೆಸೊಪ್ಪು. ನನ್ನ ಗೆಳೆಯ ಗುರೆಳ್ಳ ಹಿಂಡಿಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡ. ನಾಲ್ಕು ರೊಟ್ಟಿ, ಆಮೇಲೆ ಅನ್ನ, ಸಾರು, ಮಜ್ಜಿಗೆ. ದುಡ್ಡು ಕೊಟ್ಟು ಹೊರಬಂದೆವು. ಅಲ್ಲಿ ನಡೆದದ್ದರಲ್ಲಿ ಗಮನಿಸುವಂಥದ್ದು ಏನೂ ಇರಲಿಲ್ಲ. ಏನೂ ಇರಲಿಲ್ಲ ಎಂಬುದೇ ಮರುದಿನ ನನಗೆ ದೊಡ್ಡದಾಗಿ ಕಾಣಿಸಿತು.

ಆ ಸಂಜೆ ಹಿಡಕಲ್ ಅಣೆಕಟ್ಟೆಯ ತುಂಬಿದ ನೀರು ನೋಡಿ, ರಾತ್ರಿ ಒಂದು ಲಾಡ್ಜಿನಲ್ಲಿ ಮಲಗಿ, ಬೆಳಿಗ್ಗೆ ಗೋಕಾಕಕ್ಕೆ ಹೋದೆವು. ಘಟಪ್ರಭೆ ಅಲ್ಲಿ 52 ಮೀಟರ್ ಕೆಳಕ್ಕೆ ಬೀಳುತ್ತದೆ. ಅಕ್ಟೋಬರಿನಲ್ಲಿ ಅದರ ಬಣ್ಣ ಹಾಲು ಕಡಿಮೆ ಹಾಕಿದ ಚಹಾದಂತೆ. ಎದುರಿಗೆ ಹತ್ತಿ ಗಿರಣಿಯ ಹಳೆಯ ಕಟ್ಟಡ. ಬಹಳ ಹೊತ್ತು ಕೂತಿದ್ದು, ಕರದಂಟು ಕಟ್ಟಿಸಿಕೊಂಡು ಹಿಂದಿರುಗಿದೆವು.

ಅಂದು ಶೀಗಿ ಹುಣ್ಣಿಮೆ. ಉತ್ತರ ಕರ್ನಾಟಕದ ರೈತರಿಗೆ ಆ ಹೊತ್ತಿನ ಭೂಮಿ ಬಸುರಿ ಹೆಂಗಸು. ಪೈರು ಹೊಡೆಯಲ್ಲಿರುತ್ತದೆ. ಬಸುರಿಯ ಬಯಕೆ ತೀರಿಸಲು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ತಂದ ಅಡಿಗೆಯಲ್ಲಿ ಒಂದು ಪಾಲನ್ನು ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಮಣ್ಣು ಉಂಡ ಮೇಲೆ ಮನುಷ್ಯರು ಉಣ್ಣುತ್ತಾರೆ.

ರಸ್ತೆಬದಿಯ ಒಂದು ಹೊಲದಲ್ಲಿ ಆಗಷ್ಟೇ ಚರಗ ಚೆಲ್ಲಿ ಮುಗಿದಿತ್ತು. ನಾವು ನೆರಳಿಗೆಂದು ಬೈಕು ನಿಲ್ಲಿಸಿದ್ದನ್ನು ಕಂಡು ಅಜ್ಜನೊಬ್ಬ ಬದುವಿನವರೆಗೆ ನಡೆದು ಬಂದ. "ಹುಣ್ಣಿವಿ ದಿನ ಹೊಲದ ಮುಂದ ಹಾದು ಹೋಗೋರು ಹಸಕೊಂಡು ಹೋಗಬಾರದು. ಬರ್ರಿ ತಮ್ಮಾ" ಎಂದು ಕರೆದ. ನನಗೆ ಕುಣಿಯುವಷ್ಟು ಸಂತೋಷವಾಯಿತು. ನನ್ನ ಎರಡನೆಯ ಅಧ್ಯಾಯವೇ ಎದ್ದು ಬಂದು ಕೈಮಾಡಿ ಕರೆದಂತಿತ್ತು.

ಪತ್ರೊಳಿ ಹಾಕಿದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕುಂಬಳಕಾಯಿ ಪಲ್ಯ, ಪುಂಡಿಪಲ್ಯ, ಮೊಸರು ಬುತ್ತಿ, ಹೋಳಿಗೆ. ಮಕ್ಕಳು ನಮ್ಮ ಹೆಲ್ಮೆಟ್ ಹಾಕಿಕೊಂಡು ಓಡಾಡುತ್ತಿದ್ದವು. ಅಜ್ಜ ಹೋಳಿಗೆಯ ಮೇಲೆ ತುಪ್ಪ ಹಾಕುತ್ತ ಮಾತಿಗಿಳಿದ. "ಯಾವೂರು?" "ಧಾರವಾಡ್ರಿ ಅಜ್ಜಾ." "ಅದು ಓದೂ ಊರಾತು. ಹುಟ್ಟಿದ್ದು?" ಹೇಳಿದೆ. ಅಡ್ಡಹೆಸರನ್ನೂ ಕೇಳಿದ, ಅದನ್ನೂ ಹೇಳಿದೆ. "ಹಂಗಾದ್ರ ನಮ್ಮ ಮಂದೀನ ಆದ್ರಲ್ಲ" ಎಂದು ಇನ್ನೊಂದು ಹೋಳಿಗೆ ಹಾಕಿದ. ಆಮೇಲೆ ನನ್ನ ಗೆಳೆಯನ ಕಡೆ ತಿರುಗಿ ಅದೇ ಪ್ರೀತಿಯಿಂದ, "ನೀವ್ಯಾರ ಪೈಕಿ?" ಎಂದ.

ನನ್ನ ಗೆಳೆಯ ದಲಿತ. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯವನು. ಅವನ ಕೈ ತುತ್ತಿನ ಮೇಲೆ ನಿಂತಿತು. ಬಾಯಿ ತೆರೆಯುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಅವನು ತೆಗೆದುಕೊಂಡ. ಅಷ್ಟರೊಳಗೆ ನಾನು, "ಅವನೂ ನಮ್ಮವನ ಅದಾನ್ರಿ ಅಜ್ಜಾ" ಎಂದುಬಿಟ್ಟೆ.

ಅಜ್ಜ ನಕ್ಕ. ಹೋಳಿಗೆ ಅವನ ಪತ್ರೊಳಿಗೂ ಬಂತು. ಅವನು ತಲೆ ತಗ್ಗಿಸಿ ಅದನ್ನು ತಿಂದು ಮುಗಿಸಿದ. ಕೈ ತೊಳೆದು, ನಮಸ್ಕಾರ ಹೇಳಿ ಹೊರಟೆವು. ಯಮಕನಮರಡಿಯವರೆಗೂ ಅವನು ಒಂದು ಮಾತನ್ನೂ ಆಡಲಿಲ್ಲ.

ನಾನು ಹೇಳಿದ ಆ ಒಂದು ಪದವನ್ನು ನೋಡಿ: ‘ನಮ್ಮವ.’ ನಮ್ಮ ಭಾಷೆಯಲ್ಲಿ ಇದಕ್ಕಿಂತ ದೊಡ್ಡ ಪದ ಕಡಿಮೆ. ಬಂದವನು ಯಾರವನು ಎಂಬ ಪ್ರಶ್ನೆಯೇ ಹುಟ್ಟದಿರಲಿ ಎಂದು ಹಂಬಲಿಸುವ ಬಸವಣ್ಣನವರ ವಚನ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ನಾನು ಬಳಸಿದ್ದೂ ಅದೇ ಪದ. ಆದರೆ ನಾನು ಅದನ್ನು ಪ್ರಶ್ನೆ ಅಳಿಸಲು ಬಳಸಲಿಲ್ಲ, ಉತ್ತರ ಮುಚ್ಚಿಡಲು ಬಳಸಿದೆ. ಹನ್ನೆರಡನೆಯ ಶತಮಾನದಲ್ಲಿ ಬಾಗಿಲಾಗಿದ್ದ ಪದ ನನ್ನ ಬಾಯಲ್ಲಿ ಪರದೆಯಾಯಿತು.

ಸಂಜೆ ಅದೇ ಖಾನಾವಳಿಯ ಮುಂದೆ ಅವನೇ ಬೈಕು ನಿಲ್ಲಿಸಿದ. ಕೂತ ಮೇಲೆ ಮಾತನಾಡಿದ. "ನೀ ನನ್ನ ಉಳಿಸಿದಿ ಅನಕೊಂಡಿ. ಖರೇ ಹೇಳಬೇಕಂದ್ರ ನೀ ಹೋಳಿಗಿ ಉಳಿಸಿದಿ." ನಾನು ಏನೋ ಸಮಜಾಯಿಷಿ ಹೇಳಲು ಹೋದೆ. ಅವನು ತಡೆದ. "ಆ ಅಜ್ಜ ಏನಂತಿದ್ದ ಅನ್ನೂದು ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಗೊತ್ತಾಗೂದನ್ನ ನೀ ತಪ್ಪಿಸಿದಿ. ಇಲ್ಲಿ ನೋಡು. ಇಲ್ಲಿ ನನಗ ಹಸಿವಿ ಆಗೇತಿ, ಕಿಸೇದಾಗ ರೊಕ್ಕ ಅದಾವ. ಇಷ್ಟ ಸಾಕು."

ಇಷ್ಟೇ ಸಾಕು ಎಂಬ ಮಾತು ನನ್ನ ಅಧ್ಯಾಯವನ್ನು ತಲೆಕೆಳಗು ಮಾಡಿತು.

ನಾನು ಬರೆಯುತ್ತಿದ್ದ ವಾದ ಹೀಗಿತ್ತು. ಆತಿಥ್ಯ ಎಂದರೆ ಬೆಲೆ ಕಟ್ಟದೆ ಕೊಡುವುದು. ಬೆಲೆ ಕಟ್ಟಿದ ಕ್ಷಣ ಅತಿಥಿ ಗಿರಾಕಿಯಾಗುತ್ತಾನೆ, ಸಂಬಂಧ ಸಾಯುತ್ತದೆ. ಅತಿಥಿಯನ್ನು ದೇವರೆಂದು ಕಾಣು ಎಂದು ತೈತ್ತಿರೀಯ ಉಪನಿಷತ್ತು ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಹೇಳುತ್ತದೆ. ನಾವು ಅಲ್ಲಿಂದ ಇಳಿದು ಹೆದ್ದಾರಿಯ ದರಪಟ್ಟಿಗೆ ಬಂದಿದ್ದೇವೆ ಎಂಬ ಧಾಟಿಯಲ್ಲಿ ಬರೆದಿದ್ದೆ. ಓದಲು ಹಿತವಾಗಿತ್ತು.

ಆದರೆ ಯಾರು ಅತಿಥಿ? ಮನುಸ್ಮೃತಿಯ ಮೂರನೆಯ ಅಧ್ಯಾಯ ಇದಕ್ಕೆ ಮುಚ್ಚುಮರೆಯಿಲ್ಲದೆ ಉತ್ತರಿಸುತ್ತದೆ. ಬ್ರಾಹ್ಮಣನ ಮನೆಗೆ ಬಂದ ಕ್ಷತ್ರಿಯ, ವೈಶ್ಯ, ಶೂದ್ರರು ‘ಅತಿಥಿ’ಗಳೇ ಅಲ್ಲ. ವೈಶ್ಯ, ಶೂದ್ರರು ಬಂದರೆ ಕರುಣೆಯಿಂದ ಆಳುಗಳ ಜೊತೆ ಉಣ್ಣಿಸಬಹುದು. ಅದರಾಚೆಯವರ ಮಾತೇ ಅಲ್ಲಿಲ್ಲ. ಅದೇ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ, ಕಷ್ಟಕಾಲದಲ್ಲಿ ವ್ಯಾಪಾರಕ್ಕಿಳಿದ ಬ್ರಾಹ್ಮಣ ಮಾರಬಾರದ ವಸ್ತುಗಳ ಪಟ್ಟಿ ಇದೆ. ಬೇಯಿಸಿದ ಅನ್ನ ಆ ಪಟ್ಟಿಯಲ್ಲಿದೆ. ಈ ಎರಡನ್ನು ನಾನು ಮೊದಲು ಬೇರೆ ಬೇರೆಯಾಗಿ ಓದಿದ್ದೆ. ಖಾನಾವಳಿಯ ಟೇಬಲ್ಲಿನಲ್ಲಿ ಅವು ಜೊತೆಯಾಗಿ ಕಂಡವು. ಅನ್ನವನ್ನು ಮಾರಬೇಡ ಎಂಬ ಮಾತು ಉದಾರವಾಗಿ ಕೇಳಿಸುತ್ತದೆ. ಆದರೆ ಮಾರದ ಅನ್ನವನ್ನು ಯಾರಿಗೆ ಹಾಕಬೇಕು, ಎಲ್ಲಿ ಕೂರಿಸಿ ಹಾಕಬೇಕು ಎಂಬ ತೀರ್ಮಾನ ಹಾಕುವವನ ಕೈಯಲ್ಲೇ ಉಳಿಯುತ್ತದೆ. ಕೊಡುವವನು ಕೇಳಬಹುದು. ಮಾರುವವನಿಗೆ ಕೇಳುವ ಅಗತ್ಯ ಬೀಳುವುದಿಲ್ಲ.

ಹೆದ್ದಾರಿಯ ಆ ಗೋಡೆಯ ಮೇಲೆ ‘ಊಟ 90’ ಎಂದು ಬರೆದದ್ದನ್ನು ನಾನು ಕೇವಲ ದರ ಎಂದು ಓದಿದ್ದೆ. ನನ್ನ ಗೆಳೆಯ ಅದನ್ನು ಬೇರೆ ರೀತಿ ಓದಿದ್ದ. ಅವನ ಪ್ರಕಾರ ಅಲ್ಲಿ ಬರೆದದ್ದು: ಇದಿಷ್ಟು ಕೊಟ್ಟರೆ ಬೇರೇನೂ ಹೇಳಬೇಕಾಗಿಲ್ಲ.

ಇಷ್ಟಕ್ಕೇ ಮಾರುಕಟ್ಟೆಯನ್ನು ಹಾಡಿಹೊಗಳಿ ಮುಗಿಸಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ದುಡ್ಡಿನ ಶಕ್ತಿ ಎಲ್ಲಿಯವರೆಗೆ ಎಂಬುದನ್ನು ಅಂಬೇಡ್ಕರ್ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಕಿರುಹೊತ್ತಿಗೆಯಲ್ಲಿ ಬರೆದಿಟ್ಟಿದ್ದಾರೆ. ಅಮೆರಿಕ, ಲಂಡನ್‌ಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದ ತರುಣನಿಗೆ ಆ ಊರಿನಲ್ಲಿ ಇಳಿದುಕೊಳ್ಳಲು ಜಾಗವಿರಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಇಟ್ಟುಕೊಂಡು ಉಳಿದರು. ಊಟ, ವಸತಿಗೆ ದಿನಕ್ಕೆ ಒಂದೂವರೆ ರೂಪಾಯಿ. ಹನ್ನೊಂದನೆಯ ದಿನ ಬೆಳಿಗ್ಗೆ ಹನ್ನೆರಡರಷ್ಟು ಪಾರ್ಸಿಗಳು ಕೋಲು ಹಿಡಿದು ಬಂದು, ನೀನು ಯಾರು ಎಂದು ಕೇಳಿ, ಸಂಜೆಯೊಳಗೆ ಜಾಗ ಖಾಲಿ ಮಾಡಿಸಿದರು. ಅವರು ಬಾಡಿಗೆ ಕೊಟ್ಟಿದ್ದರು. ಬಾಡಿಗೆ ಅವರನ್ನು ಕಾಪಾಡಲಿಲ್ಲ.

ಖಾನಾವಳಿಯಲ್ಲಿ ಕೂತು ನನ್ನ ಗೆಳೆಯನೂ ಇದನ್ನೇ ತನ್ನ ರೀತಿಯಲ್ಲಿ ಹೇಳಿದ. "ಇದು ಹೈವೇ ಅಂತ ನಡೀತೈತಿ. ನಮ್ಮೂರಾಗ ಚಾದಂಗಡಿಯವಗ ನಮ್ಮ ಅಜ್ಜನ ಹೆಸರೂ ಗೊತ್ತು. ಅಲ್ಲಿ ನನ್ನ ಹತ್ತು ರೂಪಾಯಿಗೂ ಜಾತಿ ಐತಿ." ದಲಿತ ಆತ್ಮಕಥೆಗಳನ್ನು ಓದಿದವರಿಗೆ ಅಂಗಡಿಯ ಹೊರಗೆ ಗೂಟಕ್ಕೆ ತೂಗುಹಾಕಿದ ಬೇರೆ ಕಪ್ಪು ಹೊಸದಲ್ಲ. ಆ ಕಪ್ಪಿನ ಚಹಾಕ್ಕೂ ದುಡ್ಡು ಕೊಡಲೇಬೇಕಿತ್ತು. ಯಾರೂ ಗುರುತಿಸದ ಕಡೆ ಮಾತ್ರ ಬೆಲೆ ಪ್ರಶ್ನೆಯನ್ನು ತಡೆಯುತ್ತದೆ. ಗುರುತಿರುವ ಕಡೆ ಅದಕ್ಕೆ ಇನ್ನೊಂದರ ಆಸರೆ ಬೇಕು.

ಆ ಆಸರೆ ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡದಲ್ಲಿದೆ. ಧರ್ಮ, ಜಾತಿ, ಲಿಂಗ, ಜನ್ಮಸ್ಥಳ ಇತ್ಯಾದಿಗಳ ಕಾರಣಕ್ಕೆ ಯಾವ ಪ್ರಜೆಗೂ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಪ್ರವೇಶ ತಪ್ಪಿಸುವಂತಿಲ್ಲ ಎಂದು ಅದು ಹೇಳುತ್ತದೆ. ಮೂಲಭೂತ ಹಕ್ಕುಗಳ ನಡುವೆ, ದೊಡ್ಡ ದೊಡ್ಡ ಆದರ್ಶಗಳ ಪಕ್ಕದಲ್ಲಿ, ಹೋಟೆಲು ಎಂಬ ದಿನಬಳಕೆಯ ಪದ ಏಕಿದೆ ಎಂದು ಮೊದಲ ಸಲ ಓದಿದಾಗ ನನಗೆ ವಿಚಿತ್ರವೆನಿಸಿತ್ತು. ಬರೋಡಾದ ಹನ್ನೊಂದನೆಯ ದಿನವನ್ನು ಓದಿದ ಮೇಲೆ ಅದು ವಿಚಿತ್ರವೆನಿಸುವುದಿಲ್ಲ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದು, ಅಂಥ ಜಾಗಕ್ಕೆ ಬಿಡದಿರುವುದು ಶಿಕ್ಷಾರ್ಹವಾಯಿತು. ಇದೇ ಹೆದ್ದಾರಿಯಲ್ಲಿ ಇನ್ನಷ್ಟು ಉತ್ತರಕ್ಕೆ ಹೋದರೆ ನಿಪ್ಪಾಣಿ. 1925ರ ಏಪ್ರಿಲ್‌ನಲ್ಲಿ ಅಲ್ಲಿ ನಡೆದ ಮುಂಬೈ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆಯನ್ನು ಅಂಬೇಡ್ಕರ್ ವಹಿಸಿದ್ದರು. ನಾವು ಸದ್ದಿಲ್ಲದೆ ಉಂಡೆದ್ದ ಆ ಮೊದಲ ಊಟದ ಹಿಂದೆ ಇಷ್ಟೆಲ್ಲ ಸದ್ದು ನಡೆದಿತ್ತು.

ಜರ್ಮನಿಯ ತತ್ವಜ್ಞಾನಿ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಆತಿಥ್ಯ ಎಂಬುದು ಪರೋಪಕಾರದ ಮಾತಲ್ಲ, ಹಕ್ಕಿನ ಮಾತು ಎನ್ನುತ್ತಾನೆ. ಪರನಾಡಿಗೆ ಬಂದವನಿಗೆ ಅತಿಥಿಯಾಗಿ ಉಳಿಯುವ ಹಕ್ಕಿಲ್ಲ, ಆದರೆ ಬಂದ ಒಂದೇ ಕಾರಣಕ್ಕೆ ಹಗೆಯಂತೆ ಕಾಣಿಸಿಕೊಳ್ಳದಿರುವ ಹಕ್ಕಿದೆ ಎಂಬುದು ಅವನ ವಾದ. ಇದನ್ನು ಓದಿದಾಗಲೆಲ್ಲ ನನಗೆ ತಣ್ಣಗಿನ ಮಾತು ಅನಿಸುತ್ತಿತ್ತು. ಇಷ್ಟು ಜಿಪುಣ ಆತಿಥ್ಯವೇ ಎಂದು ಅಂಚಿನಲ್ಲಿ ಗೀಚಿಯೂ ಇದ್ದೆ. ಯಾವ ಊರಿಗೆ ಹೋದರೂ ಬಿಸಿ ಹೋಳಿಗೆ ಸಿಗುತ್ತದೆಂದು ಗೊತ್ತಿರುವವನಿಗೆ ತಣ್ಣಗಿನ ಹಕ್ಕು ರುಚಿಸುವುದಿಲ್ಲ. ನನ್ನ ಅಡ್ಡಹೆಸರು ಕೇಳಿ ಈ ಭಾಗದಲ್ಲಿ ಯಾವ ಅಡಿಗೆಮನೆಯ ಬಾಗಿಲೂ ಮುಚ್ಚಿಲ್ಲ. ಹಾಗಾಗಿ ಬಾಗಿಲು ತೆರೆದಿರುವುದು ನನಗೆ ಪ್ರೀತಿಯಂತೆ ಕಾಣುತ್ತದೆ. ನನ್ನ ಗೆಳೆಯನಿಗೆ ಮೊದಲು ಕಾಣುವುದು ಬಾಗಿಲು.

ಇನ್ನೊಂದು ಕಡೆಯಿಂದಲೂ ಬೆಲೆಗೆ ಮಿತಿಯಿದೆ. ಉಣ್ಣುವವನು ಯಾರು ಎಂದು ಅದು ಕೇಳುವುದಿಲ್ಲ, ನಿಜ. ಬೇಯಿಸಿದವರು ಯಾರು ಎಂದೂ ಕೇಳುವುದಿಲ್ಲ. ಎರಡು ದಿನ ಆ ರೊಟ್ಟಿ ಬಡಿಯುವ ಸದ್ದು ಕೇಳಿದೆ, ಬಡಿಯುವ ಮುಖ ನೋಡಲಿಲ್ಲ. ಅಕ್ಟೋಬರಿನ ಮಧ್ಯಾಹ್ನ ತಗಡಿನ ಕೆಳಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವವರಿಗೆ ದಿನಕ್ಕೆ ಎಷ್ಟು ಸಿಗುತ್ತದೆ ಎಂದು ಕೇಳಬೇಕೆಂದು ನನಗೆ ತೋಚಲೇ ಇಲ್ಲ. 90 ರೂಪಾಯಿ ಎಷ್ಟು ಅಗ್ಗ ಎಂದಷ್ಟೇ ತೋಚಿತು. ‘ಮನೆ ಊಟದ ರುಚಿ’ ಎಂದು ನಾವು ಖಾನಾವಳಿಗಳನ್ನು ಹೊಗಳುತ್ತೇವಲ್ಲ, ಆ ರುಚಿಯ ಜೊತೆಗೆ ಮನೆಯ ಹೆಂಗಸಿನ ಲೆಕ್ಕಕ್ಕಿಲ್ಲದ ದುಡಿಮೆಯೂ ತಾಟಿಗೆ ಬರುತ್ತದೆ. ಮರಾಠಿಯಿಂದ ನಮ್ಮಲ್ಲಿಗೆ ಬಂದ ‘ಖಾನಾವಳಿ’ ಎಂಬ ಪದಕ್ಕೆ ಈ ಚರಿತ್ರೆ ಗೊತ್ತು. ಮುಂಬೈಯ ಬಟ್ಟೆ ಗಿರಣಿಗಳ ಕಾರ್ಮಿಕರಿಗೆ ತಮ್ಮ ಸಣ್ಣ ಕೋಣೆಗಳಲ್ಲೇ ಅಡಿಗೆ ಮಾಡಿ ಹಾಕುತ್ತಿದ್ದ ಹೆಂಗಸರು ಸಾಲದಲ್ಲಿ ಮುಳುಗಿದ್ದರು. ಅವರನ್ನು ಸಂಘಟಿಸಲು ಪ್ರೇಮಾ ಪುರವ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು. ಅನ್ನಪೂರ್ಣೆಯ ಕೈಗೂ ಬಡ್ಡಿಯಿಲ್ಲದೆ ಬಂಡವಾಳ ಸಿಗುತ್ತಿರಲಿಲ್ಲ ಎಂಬುದನ್ನು ಗಿರಾಕಿ ಎಂದೂ ನೋಡಿರಲಾರ.

ಹಾಗಾದರೆ ಆ ಹೊಲದ ಊಟ ಕೆಟ್ಟದ್ದಾಗಿತ್ತೆ? ಇಲ್ಲ. ಇದನ್ನು ಬರೆಯುವಾಗ ನನಗೆ ಹೆಚ್ಚು ಕಷ್ಟವಾಗಿರುವುದು ಆ ಅಜ್ಜನ ವಿಷಯದಲ್ಲಿ. ಹುಣ್ಣಿಮೆಯ ದಿನ ಬದುವಿನವರೆಗೆ ನಡೆದು ಬಂದು ಇಬ್ಬರು ಅಪರಿಚಿತರನ್ನು ಕರೆದವನು ಅವನು. ಕರೆಯುವಾಗ ಅವನು ಏನನ್ನೂ ಕೇಳಿರಲಿಲ್ಲ. ಕೇಳಿದ್ದು ಬಡಿಸಿದ ಮೇಲೆ. ‘ಯಾರ ಪೈಕಿ’ ಎಂಬುದು ನಮ್ಮ ಹಳ್ಳಿಗಳಲ್ಲಿ ಎರಡು ಕೆಲಸ ಮಾಡುವ ಪ್ರಶ್ನೆ. ಅದು ನೆಂಟಸ್ತಿಕೆಯ ಎಳೆ ಹುಡುಕುತ್ತದೆ, ದೂರವಿಡುವ ಗೆರೆಯನ್ನೂ ಹುಡುಕುತ್ತದೆ. ಕೇಳುವವನಿಗೇ ಎಷ್ಟೋ ಸಲ ತಾನು ಯಾವುದನ್ನು ಹುಡುಕುತ್ತಿದ್ದೇನೆಂದು ಉತ್ತರ ಬರುವವರೆಗೆ ಗೊತ್ತಿರುವುದಿಲ್ಲ.

ಆ ಅಜ್ಜನ ಮುಖದಲ್ಲಿ ಉತ್ತರ ಕೇಳಿದ ಮೇಲೆ ಏನು ಮೂಡುತ್ತಿತ್ತು? ತುಪ್ಪದ ಚಮಚ ಅರ್ಧಕ್ಕೆ ನಿಲ್ಲುತ್ತಿತ್ತೆ? ಅಥವಾ, "ಆಗಲೇಳು, ಉಣ್ಣಪಾ" ಎಂದು ಇನ್ನೊಂದು ಹೋಳಿಗೆ ಬೀಳುತ್ತಿತ್ತೆ? ಎಪ್ಪತ್ತೈದು ದಾಟಿದ ಆ ಜೀವಕ್ಕೆ ಅಂದು ಒಂದು ಸಣ್ಣ ಪರೀಕ್ಷೆ ಎದುರಾಗಿತ್ತು. ನಾನು ಪ್ರಶ್ನೆಪತ್ರಿಕೆಯನ್ನೇ ಕಿತ್ತುಕೊಂಡೆ. ಅವನು ನಪಾಸಾಗುತ್ತಾನೆ ಎಂದು ನಾನೇ ಮೊದಲೇ ತೀರ್ಮಾನಿಸಿದ್ದೆ. ಹಾಗಾಗಿ ನನ್ನ ಒಂದು ಮಾತು ಇಬ್ಬರಿಗೆ ಅನ್ಯಾಯ ಮಾಡಿತು. ಗೆಳೆಯನಿಗೆ, ತನ್ನನ್ನು ತಾನು ಹೇಳಿಕೊಳ್ಳುವ ಅವಕಾಶ ತಪ್ಪಿತು. ಅಜ್ಜನಿಗೆ, ಒಳ್ಳೆಯವನಾಗುವ ಅವಕಾಶ ತಪ್ಪಿತು. ಲಾಭವಾದದ್ದು ನನಗೊಬ್ಬನಿಗೆ. ಆತಿಥ್ಯದ ಬಗ್ಗೆ ನಾನು ಕಟ್ಟಿಕೊಂಡಿದ್ದ ಚಂದದ ಚಿತ್ರ ಮಧ್ಯಾಹ್ನದ ಬಿಸಿಲಿನಲ್ಲಿ ಒಡೆಯದೆ ಉಳಿಯಿತು. ಹೇಳಿದ ಸುಳ್ಳು ಗೆಳೆಯನ ಮೇಲಿನ ಪ್ರೀತಿಯಿಂದ ಬಂತೆಂದು ಆಗ ಅಂದುಕೊಂಡಿದ್ದೆ. ಈಗ ನೋಡಿದರೆ ಅದರಲ್ಲಿ ಪ್ರೀತಿಗಿಂತ ಮುಜುಗರವೇ ಹೆಚ್ಚಿತ್ತು.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ ಕೊಡುಗೆಯ ಬಗೆಗಿನ ತನ್ನ ಹೆಸರಾಂತ ಪ್ರಬಂಧದಲ್ಲಿ ಮೂರು ಕಟ್ಟುಪಾಡುಗಳನ್ನು ಗುರುತಿಸುತ್ತಾನೆ: ಕೊಡಬೇಕು, ಸ್ವೀಕರಿಸಬೇಕು, ಹಿಂದಿರುಗಿಸಬೇಕು. ಪುಕ್ಕಟೆ ಕೊಡುಗೆ ಎಂಬುದೇ ಇಲ್ಲ, ಪ್ರತಿ ಕೊಡುಗೆಯೂ ಕಟ್ಟುತ್ತದೆ. ಇದನ್ನೇ ನಮ್ಮ ಜನ ಋಣ ಎನ್ನುತ್ತಾರೆ. ಹೊಲದ ಊಟದ ಋಣ ನನ್ನ ಮೇಲಿದೆ. ಅದನ್ನು ಇನ್ನೊಂದು ಊಟದಿಂದ ತೀರಿಸಲಾಗದು. ಅಜ್ಜನಿಗೆ ನಾನು ಕೊಡಬೇಕಾಗಿದ್ದು ಒಂದು ನಿಜ. ಅದನ್ನು ಕೊಡದೆ ಎದ್ದು ಬಂದೆ. ಖಾನಾವಳಿಯ ಋಣ ಹಾಗಲ್ಲ, ಅದು ಎದ್ದು ಬರುವಾಗಲೇ ತೀರುತ್ತದೆ ಎಂದು ನಾನು ಭಾವಿಸಿದ್ದೆ. ಅದೂ ತಪ್ಪು ಎಂದು ಮೂರನೆಯ ಊಟ ತೋರಿಸಿತು.

ಸಂಜೆ ಗಿರಾಕಿಗಳು ಕಡಿಮೆಯಿದ್ದರು. ಆ ಅಕ್ಕ ತಾಟು ತಂದಿಟ್ಟಾಗ ನನ್ನ ತಾಟಿನಲ್ಲಿ ಎಲ್ಲವೂ ಎಂದಿನಷ್ಟೇ ಇತ್ತು. ಗೆಳೆಯನ ತಾಟಿನಲ್ಲಿ ಗುರೆಳ್ಳ ಹಿಂಡಿ ದೊಡ್ಡ ಗುಡ್ಡೆಯಾಗಿ ಕೂತಿತ್ತು. ಅವನು ತಲೆಯೆತ್ತಿ ನೋಡಿದ. "ನಿನ್ನಿ ಎರಡು ಸಲ ಇಸ್ಕೊಂಡ್ರಲ್ಲ ಅಣ್ಣಾರ. ಪದೇ ಪದೇ ಕೇಳಾಕ ಸಂಕೋಚ ಆಗ್ತೈತಿ ಮಂದೀಗೆ" ಎಂದು ಅವರು ಒಳಗೆ ಹೋದರು.

ಅವನ ಮುಖ ಆ ದಿನ ಮೊದಲ ಸಲ ಸಡಿಲವಾದದ್ದು ಆಗ. ಅವನು ಐದು ರೊಟ್ಟಿ ತಿಂದ. ದುಡ್ಡು ಕೊಡುವಾಗ, "ಒಂದು ರೊಟ್ಟಿ ಹೆಚ್ಚಾಗೇದ್ರಿ ಅಕ್ಕಾರ" ಎಂದು ಲೆಕ್ಕ ಒಪ್ಪಿಸಿದ. "ರೊಟ್ಟಿ ಎಣಿಸಿ ಯಾರು ಹಾಕ್ತಾರ್ರಿ" ಎಂದು ಅವರು ನೋಟನ್ನು ಗಲ್ಲಾದೊಳಗೆ ಹಾಕಿ ಚಿಲ್ಲರೆಯನ್ನು ಪೂರ್ತಿ ಹಿಂದೆ ಕೊಟ್ಟರು. ಎರಡು ದಿನಗಳಲ್ಲಿ ಅವರು ನಮ್ಮ ಹೆಸರು ಕೇಳಿರಲಿಲ್ಲ, ಊರು ಕೇಳಿರಲಿಲ್ಲ. ನನ್ನ ಗೆಳೆಯ ಯಾರ ಪೈಕಿ ಎಂಬುದು ಅವರಿಗೆ ಗೊತ್ತಿಲ್ಲ. ಅವನಿಗೆ ಏನು ಸೇರುತ್ತದೆ ಎಂಬುದು ಗೊತ್ತು.

ಒಬ್ಬ ಮನುಷ್ಯನನ್ನು ತಿಳಿದುಕೊಳ್ಳುವುದಕ್ಕೆ ಇದು ಎಷ್ಟು ಬೇರೆ ದಾರಿ. ಒಂದು ತಿಳಿವಳಿಕೆ ಅವನು ಹುಟ್ಟುವ ಮೊದಲೇ ಮುಗಿದಿರುತ್ತದೆ. ಇನ್ನೊಂದು ಅವನ ತಾಟನ್ನು ನೋಡಿ ಶುರುವಾಗುತ್ತದೆ. ಬೆಲೆ ಸಂಬಂಧವನ್ನು ಕೊಲ್ಲುತ್ತದೆ ಎಂದು ಬರೆದಿದ್ದೆನಲ್ಲ, ಇಲ್ಲಿ ಬೆಲೆಯೇ ಸಂಬಂಧಕ್ಕೆ ಹೊಸ್ತಿಲಾಗಿತ್ತು. 90 ರೂಪಾಯಿ ಮೊದಲು ಆ ಹಳೆಯ ಪ್ರಶ್ನೆಯನ್ನು ಬಾಗಿಲ ಹೊರಗೆ ನಿಲ್ಲಿಸಿತು. ಆಮೇಲೆ, ಆ 90ರ ಲೆಕ್ಕದಲ್ಲಿಲ್ಲದ ಒಂದು ಗುಡ್ಡೆ ಹಿಂಡಿ ಒಳಗೆ ಬಂತು. ಐದನೆಯ ರೊಟ್ಟಿ ಕೊಡುಗೆ. ಮೊದಲ ನಾಲ್ಕಕ್ಕೆ ಬೆಲೆ ಇದ್ದದ್ದರಿಂದಲೇ ಐದನೆಯದನ್ನು ಅವನು ತಲೆಯೆತ್ತಿ ತಿನ್ನಲು ಸಾಧ್ಯವಾಯಿತು. ಹಕ್ಕು ಗಟ್ಟಿಯಾಗಿರುವ ಕಡೆ ಮಾತ್ರ ಪ್ರೀತಿ ಪ್ರೀತಿಯಾಗಿ ಉಳಿಯುತ್ತದೆ. ಹಕ್ಕಿಲ್ಲದ ಕಡೆ ಅದೇ ಪ್ರೀತಿ ಭಿಕ್ಷೆಯ ಬಣ್ಣ ತಾಳುತ್ತದೆ.

ಹೊರಡುವಾಗ ನಾನು ಒಳಕೋಣೆಯ ಬಾಗಿಲವರೆಗೆ ಹೋಗಿ ನೋಡಿದೆ. ರೊಟ್ಟಿ ಬಡಿಯುತ್ತಿದ್ದವರು ಇಪ್ಪತ್ತೈದರ ಆಸುಪಾಸಿನ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಣ್ಣುಮಗಳು. "ರೊಟ್ಟಿ ಭಾಳ ಚಲೋ ಇದ್ವು" ಎಂದೆ. ಅವರು ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡು, "ಹೂಂನ್ರಿ" ಎಂದು ಮುಂದಿನ ಉಂಡೆ ತಟ್ಟತೊಡಗಿದರು. ಹೊಗಳಿಕೆಯಿಂದ ಅವರಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಕೂಲಿ ಎಷ್ಟು ಎಂದು ಕೇಳುವ ಧೈರ್ಯ ಅಂದೂ ಆಗಲಿಲ್ಲ. ಆ ಋಣ ಹಾಗೇ ಇದೆ.

ಎರಡನೆಯ ಅಧ್ಯಾಯವನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಈ ಲೇಖನವನ್ನು ಗೆಳೆಯನಿಗೆ ಓದಲು ಕೊಟ್ಟೆ. ಹೆಸರು ಹಾಕಬೇಡ, ಉಳಿದದ್ದು ಹಾಗೇ ಇರಲಿ ಎಂದ. ಶೀಗಿ ಹುಣ್ಣಿಮೆ ಮತ್ತೆ ಹತ್ತಿರ ಬಂದಿದೆ. ಅದೇ ದಾರಿಯಲ್ಲಿ ಹೋಗೋಣವೇ ಎಂದು ಅಳುಕುತ್ತಲೇ ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಹೇಳಿದ:

"ಹೋಗೂಣು. ಈ ಸಲ ಅಜ್ಜ ಕೇಳಿದ್ರ ನಾನ ಹೇಳ್ತೀನಿ. ನೀ ಸುಮ್ಮನ ಹೋಳಿಗಿ ತಿನ್ನು."